ಹವಾಲ ಅಪರಾಧ, ಕೇಮನ್ ಹಕ್ಕು!

2001ನೇ ಇಸವಿಯಲ್ಲಿ ಆರು ತಿಂಗಳ ಅಂತರದಲ್ಲಿ ಅಮೇರಿಕದ ಒಂದೇ ಖಜಾನೆ ಇಲಾಖೆಯಿಂದ ಎರಡು ನಿರ್ಧಾರಗಳು ಹೊರಬಿದ್ದವು. ಮೊದಲನೆಯದು ಮೇ ತಿಂಗಳದ್ದು. ತೆರಿಗೆ ತಪ್ಪಿಸುವವರಿಗೆ ಆಶ್ರಯ ನೀಡುವ ದೇಶಗಳ ಮೇಲೆ ಒತ್ತಡ ಹೇರಲು ಶ್ರೀಮಂತ ರಾಷ್ಟ್ರಗಳ ಕೂಟವಾದ ಓಇಸಿಡಿ ಒಂದು ಯೋಜನೆಯನ್ನು ಕೈಗೊಂಡಿತ್ತು. ಅದರ ವ್ಯಾಪ್ತಿ ಅತಿಯಾಯಿತು, ಯಾವ ದೇಶ ಎಷ್ಟು ತೆರಿಗೆ ವಿಧಿಸಬೇಕೆಂದು ಇನ್ನೊಬ್ಬರು ಆಜ್ಞಾಪಿಸುವುದನ್ನು ಅಮೇರಿಕ ಬೆಂಬಲಿಸದು ಎಂದು ಖಜಾನೆ ಕಾರ್ಯದರ್ಶಿ ಪಾಲ್ ಓನೀಲ್ ಪ್ರಕಟಿಸಿದರು. ಆ ಯೋಜನೆಯ ಹಲ್ಲುಗಳು ಅಂದೇ ಉದುರಿದವು. ಎರಡನೆಯದು ನವೆಂಬರ್ 7ರದ್ದು. ಸೋಮಾಲಿಯದ ವಲಸಿಗರು ತಮ್ಮ ಮನೆಗಳಿಗೆ ಹಣ ಕಳುಹಿಸಲು ಬಳಸುತ್ತಿದ್ದ ಅಲ್ ಬರಕಾತ್ ಎಂಬ ಸಂಸ್ಥೆಯ ಮಿನ್ನಿಯಾಪೊಲಿಸ್, ಕೊಲಂಬಸ್, ಬೋಸ್ಟನ್, ಸಿಯಾಟಲ್ ಕಚೇರಿಗಳ ಮೇಲೆ ದಾಳಿ ನಡೆಯಿತು. ಅಧ್ಯಕ್ಷ ಬುಷ್ ಸ್ವತಃ ಅದನ್ನು ಘೋಷಿಸಿದರು. ಪಕ್ಕದಲ್ಲಿ ಅದೇ ಓನೀಲ್ ಇದ್ದರು.

1991ರಲ್ಲಿ ಸರಕಾರವೇ ಕುಸಿದು ಬಿದ್ದ ಬಳಿಕ ಸೋಮಾಲಿಯದಲ್ಲಿ ಬ್ಯಾಂಕುಗಳೆಂಬುವೇ ಇರಲಿಲ್ಲ. ಮಿನ್ನಿಯಾಪೊಲಿಸ್‌ನಲ್ಲಿ ಟ್ಯಾಕ್ಸಿ ಓಡಿಸುವವನ ದುಡಿಮೆ ಮೊಗದಿಶುವಿನ ಅವನ ತಾಯಿಯ ಕೈ ಸೇರಬೇಕಾದರೆ ಹವಾಲ ಒಂದೇ ದಾರಿಯಾಗಿತ್ತು. ಆ ದಾರಿಯನ್ನು ಒಂದೇ ದಿನದಲ್ಲಿ ಮುಚ್ಚಲಾಯಿತು. ಜನರ ಸಂಪಾದನೆ ಸ್ತಂಭನಗೊಂಡಿತು. ಆರೋಪವೇನು? ಭಯೋತ್ಪಾದನೆಗೆ ಹಣ ರವಾನೆ. ಸಾಕ್ಷ್ಯವೇನು? ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗದ ಸಿಬ್ಬಂದಿ 2004ರಲ್ಲಿ ಸಲ್ಲಿಸಿದ ವರದಿಯು, ಅಲ್ ಬರಕಾತ್ ಅಲ್ ಖಾಯಿದಾಕ್ಕೆ ಹಣ ಒದಗಿಸಿತೆಂಬುದನ್ನು ಸಮರ್ಥಿಸುವ ಪುರಾವೆ ಎಫ್‌ಬಿಐಗೆ ದೊರೆಯಲಿಲ್ಲವೆಂದು ದಾಖಲಿಸಿತು. 2008ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ಉಚ್ಚ ನ್ಯಾಯಪೀಠವು, ಆರೋಪವನ್ನೇ ತಿಳಿಸದೆ ಆಸ್ತಿಯನ್ನು ಸ್ತಂಭನಗೊಳಿಸಿದ್ದು ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು ತೀರ್ಪಿತ್ತಿತು. ಅಷ್ಟರಲ್ಲಿ ಏಳು ವರ್ಷಗಳು ಸಂದಿದ್ದವು.

ಹವಾಲವು ಕಾನೂನಿನ ಹೊರಗಿರಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ನಮ್ಮ ದೇಶದಲ್ಲಿ ಅದು ಅಪರಾಧ. ಕೊಲ್ಲಿಯಿಂದ ಹಣ ಕಳುಹಿಸುವ ಕರಾವಳಿಯ ಪ್ರತಿಯೊಬ್ಬನೂ ಕಾನೂನಿನ ದಾರಿಯಲ್ಲೇ ಕಳುಹಿಸಬೇಕು. ಪ್ರಶ್ನೆ ಬೇರೆ. ಬಡವನು ತನ್ನ ತಾಯಿಗೆ ಕಳುಹಿಸುವ ನೂರು ಡಾಲರು ಶಂಕಾಸ್ಪದವೆನಿಸುವ, ಕೋಟ್ಯಧಿಪತಿಯು ತನ್ನ ದೇಶದ ಬೊಕ್ಕಸದಿಂದ ಅಡಗಿಸುವ ನೂರು ಕೋಟಿ ಮಾತ್ರ ಖಾಸಗಿತನವೆನಿಸುವ ಈ ನ್ಯಾಯಶಾಸ್ತ್ರವನ್ನು ಬರೆದವರು ಯಾರು?

ತೆರಿಗೆ ಸ್ವರ್ಗವೆಂದು ನಮ್ಮ ಪತ್ರಿಕೆಗಳು ಕರೆಯುವ ತಾಣಗಳನ್ನು ಇಂಗ್ಲಿಷರು ಕರೆಯುವುದು ಹೇವನ್ ಎಂದು. ಎಂದರೆ ಬಿರುಗಾಳಿಗೆ ಸಿಕ್ಕ ಹಡಗಿಗೆ ಆಶ್ರಯ ನೀಡುವ ಬಂದರು. ಅನುವಾದದಲ್ಲಿ ಅದು ಸ್ವರ್ಗವಾಯಿತು. ಅಲ್ಲಿ ತಂಗುವವರ ದೃಷ್ಟಿಯಿಂದ ಆ ಅನುವಾದ ತಪ್ಪೇನೂ ಅಲ್ಲ! ಕೇಮನ್ ದ್ವೀಪಗಳಲ್ಲಿ ಅಗ್ಲೆಂಡ್ ಹೌಸ್ ಎಂಬ ಸಾಧಾರಣ ಕಟ್ಟಡವೊಂದಿದೆ. ಅದೊಂದೇ ವಿಳಾಸದಲ್ಲಿ 18,857 ಸಂಸ್ಥೆಗಳು ನೋಂದಣಿಯಾಗಿರುವುದನ್ನು ಅಮೇರಿಕದ ಸಂಸತ್ತಿನ ಲೆಕ್ಕಪರಿಶೋಧನಾ ವಿಭಾಗವು 2008ರಲ್ಲಿ ಎಣಿಸಿತು. ಅಲ್ಲಿ ಯಂತ್ರಗಳಿಲ್ಲ, ಕಾರ್ಮಿಕರಿಲ್ಲ. ಇರುವುದು ಕಾಗದ ಮಾತ್ರ. ಲಾಭ ಹುಟ್ಟಿದ್ದು ಒಂದು ದೇಶದಲ್ಲಿ, ಅದರ ಜಾತಕ ಬರೆಯಲ್ಪಡುವುದು ಇನ್ನೊಂದು ದೇಶದಲ್ಲಿ. ಆಪಲ್ ಕಂಪೆನಿಯು ತನ್ನ ಯುರೋಪಿನ ಲಾಭದ ಮೇಲೆ 2014ರಲ್ಲಿ ಐರ್ಲೆಂಡಿಗೆ ತೆತ್ತದ್ದು ಶೇ. 0.005 ತೆರಿಗೆಯೆಂದು ಯುರೋಪಿಯನ್ ಆಯೋಗ 2016ರಲ್ಲಿ ಲೆಕ್ಕ ಹಾಕಿತು. ಎಂದರೆ ಹತ್ತು ಲಕ್ಷ ಯೂರೋ ಲಾಭಕ್ಕೆ 50 ಯೂರೋ! ಬಾಕಿ 1,300 ಕೋಟಿ ಯೂರೋ ಕಟ್ಟಬೇಕೆಂಬ ಆದೇಶವನ್ನು ಉಚ್ಚ ನ್ಯಾಯಪೀಠ 2024ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ವಿಚಿತ್ರವೆಂದರೆ, ಆ ಹಣ ತನಗೆ ಬೇಡವೆಂದು ಇಷ್ಟು ವರ್ಷ ವಾದಿಸಿದ್ದು ಸ್ವತಃ ಐರ್ಲೆಂಡ್ ಸರಕಾರ. ಬಂಡವಾಳವು ಇನ್ನೊಂದು ಬಂದರಿಗೆ ಹಾರಿಹೋದೀತೆಂಬ ಭಯ ಸರಕಾರಗಳನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಇದಕ್ಕೆ ಅರ್ಥಶಾಸ್ತ್ರಜ್ಞರು ಇಟ್ಟ ಸುಂದರ ಹೆಸರು ತೆರಿಗೆ ಸ್ಪರ್ಧೆ.

ಓಇಸಿಡಿಯು ಇದನ್ನು ಹಾನಿಕಾರಕವೆಂದು ಕರೆದು 1998ರಲ್ಲಿ ವರದಿ ಹೊರಡಿಸಿತು. 2000ದ ಜೂನ್‌ನಲ್ಲಿ 35 ತಾಣಗಳ ಪಟ್ಟಿ ಮಾಡಿತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಈ ಪಟ್ಟಿಯ ವಿರುದ್ಧ ಹೋರಾಡಲೆಂದೇ ಒಂದು ಸಂಸ್ಥೆ ಜನ್ಮ ತಾಳಿತು. ಅದರ ವಾದಗಳು ಇಂದಿಗೂ ಬದಲಾಗಿಲ್ಲ: ಸ್ಪರ್ಧೆಯಿಲ್ಲದಿದ್ದರೆ ಸರಕಾರಗಳು ಕೊಬ್ಬುತ್ತವೆ, ಸಣ್ಣ ರಾಷ್ಟ್ರಗಳಿಗೂ ಸಾರ್ವಭೌಮತ್ವವಿದೆ, ಮನುಷ್ಯನ ಹಣದ ಲೆಕ್ಕ ಅವನ ಖಾಸಗಿ ವಿಷಯ.

ಈ ವಾದಗಳನ್ನು ಗೇಲಿ ಮಾಡಿ ಬದಿಗೆ ಸರಿಸುವಂತಿಲ್ಲ. ಸಾರ್ವಭೌಮತ್ವದ ವಾದದಲ್ಲಿ ಅರ್ಧ ಸತ್ಯವಿದೆ. ಓಇಸಿಡಿಯ ಆ ಪಟ್ಟಿಯಲ್ಲಿ ಕೆರಿಬಿಯನ್ ಮತ್ತು ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳಿದ್ದವು. ಬ್ಯಾಂಕ್ ರಹಸ್ಯದ ತವರಾದ ಸ್ವಿಟ್ಝರ್ಲೆಂಡ್ ಮತ್ತು ಲಕ್ಸೆಂಬರ್ಗ್ ಇರಲಿಲ್ಲ. ಯಾಕೆಂದರೆ ಅವು ಕೂಟದ ಸದಸ್ಯರು! ಕಳ್ಳರ ಪಟ್ಟಿಯಲ್ಲಿ ಮನೆಯವರ ಹೆಸರನ್ನು ಬಿಟ್ಟುಬಿಡುವ ಯಜಮಾನನ ಮಾತನ್ನು ಯಾರು ನಂಬುತ್ತಾರೆ? ಆದರೆ ಯಜಮಾನ ಪಕ್ಷಪಾತಿಯೆಂಬ ಕಾರಣಕ್ಕೆ ಕಳವು ಹಕ್ಕಾಗುವುದಿಲ್ಲ.

ಸ್ಪರ್ಧೆಯ ವಾದಕ್ಕೆ ಇಸ್ಲಾಮೀ ಇತಿಹಾಸದಿಂದಲೇ ಸಾಕ್ಷಿ ತಂದವರಿದ್ದಾರೆ. 1981ರಲ್ಲಿ ಅಧ್ಯಕ್ಷ ರೇಗನ್ ತನ್ನ ತೆರಿಗೆ ಕಡಿತವನ್ನು ಸಮರ್ಥಿಸುತ್ತಾ ಪತ್ರಿಕಾಗೋಷ್ಠಿಯಲ್ಲಿ ಇಬ್ನು ಖಲ್ದೂನ್‌ರ ಹೆಸರೆತ್ತಿದರು. ರಾಜವಂಶದ ಆರಂಭದಲ್ಲಿ ಕಡಿಮೆ ದರದ ತೆರಿಗೆಯಿಂದ ಹೆಚ್ಚು ಆದಾಯ, ಅಂತ್ಯದಲ್ಲಿ ಹೆಚ್ಚು ದರದಿಂದ ಕಡಿಮೆ ಆದಾಯ ಎಂಬುದು ಮುಖದ್ದಿಮಾದಲ್ಲಿ ಇರುವುದು ನಿಜ. ಆದರೆ ಇಬ್ನು ಖಲ್ದೂನ್ ಮರುಗಿದ್ದು ಯಾರಿಗಾಗಿ? ಆಸ್ಥಾನದ ವಿಲಾಸಕ್ಕಾಗಿ ಸುಲಿಯಲ್ಪಡುತ್ತಿದ್ದ ರೈತನಿಗಾಗಿ, ಸಾಮಾನ್ಯ ವ್ಯಾಪಾರಿಗಾಗಿ. ದೊರೆಯೇ ವ್ಯಾಪಾರಕ್ಕಿಳಿದರೆ ಪ್ರಜೆಗಳು ನಾಶವಾಗುತ್ತಾರೆಂದೂ ಅನ್ಯಾಯವು ನಾಗರಿಕತೆಯನ್ನೇ ಹಾಳುಗೆಡವುತ್ತದೆಂದೂ ಅದೇ ಗ್ರಂಥ ಎಚ್ಚರಿಸುತ್ತದೆ. ಆ ಪುಟಗಳನ್ನು ಶ್ವೇತಭವನ ತೆರೆದಂತಿಲ್ಲ. ಹೊರೆ ಇಳಿಸಬೇಕಾದದ್ದು ಬೆನ್ನು ಬಾಗಿದವನ ಮೇಲಿನಿಂದ. ತೆರಿಗೆ ಸ್ಪರ್ಧೆ ಮಾಡಿದ್ದೇನು? 1980ರ ಸುಮಾರಿಗೆ ಜಗತ್ತಿನಲ್ಲಿ ಕಂಪೆನಿಗಳ ತೆರಿಗೆಯ ಸರಾಸರಿ ದರ ಶೇ. 40ರಷ್ಟಿತ್ತು, ಈಗ ಶೇ. 23ರ ಆಸುಪಾಸಿಗೆ ಇಳಿದಿದೆ. ನಮ್ಮ ಸರಕಾರವೂ 2019ರ ಸೆಪ್ಟೆಂಬರ್‌ನಲ್ಲಿ ಕಂಪೆನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ, ಹೊಸ ಉತ್ಪಾದನಾ ಘಟಕಗಳಿಗೆ ಶೇ. 15ಕ್ಕೆ ಇಳಿಸಿತು. ಬೊಕ್ಕಸ ಕಳೆದುಕೊಳ್ಳುವ ಮೊತ್ತ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿಯೆಂದು ಸರಕಾರವೇ ಹೇಳಿತು. ಬಂಡವಾಳಕ್ಕೆ ಕಾಲುಗಳಿವೆ, ಅದು ಓಡಬಲ್ಲದು. ಆದ್ದರಿಂದ ಅದಕ್ಕೆ ರಿಯಾಯಿತಿ. ಸೋಪು, ಬಿಸ್ಕತ್ತು, ಚಪ್ಪಲಿ ಕೊಳ್ಳುವ ವಿಧವೆಗೆ ಓಡಲು ಬೇರೆ ದೇಶವಿಲ್ಲ. ಆದ್ದರಿಂದ ಅವಳಿಗೆ ಜಿಎಸ್‌ಟಿ. ಇದು ಸ್ಪರ್ಧೆಯೇ? ಹೌದು. ಆದರೆ ಓಟದ ಅಂಕಣಕ್ಕೆ ಪ್ರವೇಶವಿರುವುದು ಒಂದೇ ಪಕ್ಷಕ್ಕೆ.

ಇನ್ನು ಖಾಸಗಿತನದ ವಾದ. ಇದರ ಪರವಾಗಿ ಸದಾ ಮುಂದೊಡ್ಡಲಾಗುವ ನಿದರ್ಶನ ಸ್ವಿಟ್ಝರ್ಲೆಂಡಿನದ್ದು. ನಾಝಿಗಳಿಂದ ಯಹೂದಿಯರ ಸಂಪತ್ತನ್ನು ರಕ್ಷಿಸಲಿಕ್ಕಾಗಿಯೇ 1934ರಲ್ಲಿ ಅಲ್ಲಿ ಬ್ಯಾಂಕ್ ರಹಸ್ಯದ ಕಾನೂನು ಬಂತೆಂಬ ಕಥೆ ಪ್ರಚಾರದಲ್ಲಿದೆ. ಚರಿತ್ರೆ ಹೇಳುವುದೇ ಬೇರೆ. 1932ರಲ್ಲಿ ಬಾಸೆಲ್ ನಗರದ ಬ್ಯಾಂಕೊಂದರ ಪ್ಯಾರಿಸ್ ಕಚೇರಿಯ ಮೇಲೆ ಫ್ರೆಂಚ್ ಪೊಲೀಸರು ದಾಳಿ ಮಾಡಿದಾಗ ತೆರಿಗೆ ವಂಚಕರ ಪಟ್ಟಿ ಸಿಕ್ಕಿತು. ಅದರಲ್ಲಿ ಸೆನೆಟರುಗಳಿದ್ದರು, ಬಿಷಪರುಗಳೂ ಇದ್ದರು. ಇಂಥ ಗಿರಾಕಿಗಳನ್ನು ಉಳಿಸಿಕೊಳ್ಳುವ ಅಗತ್ಯ ಆ ಕಾನೂನಿನ ಹಿಂದಿತ್ತು. ಯಹೂದಿಯರಿಗೆ ಆ ರಹಸ್ಯ ನೀಡಿದ್ದೇನು? ಯುದ್ಧಾನಂತರ, ಗ್ಯಾಸ್ ಚೇಂಬರಿನಲ್ಲಿ ಮಡಿದವರ ಮಕ್ಕಳು ತಂದೆಯ ಖಾತೆ ಕೇಳಿ ಬಂದಾಗ ಬ್ಯಾಂಕುಗಳು ಅವರಲ್ಲಿ ಮರಣ ಪ್ರಮಾಣಪತ್ರ ಕೇಳಿದವು! ಅರ್ಧ ಶತಮಾನದ ಬಳಿಕ, 1998ರಲ್ಲಿ, ಮೊಕದ್ದಮೆಗಳಿಗೆ ಸಿಕ್ಕಿ 125 ಕೋಟಿ ಡಾಲರುಗಳ ಪರಿಹಾರಕ್ಕೆ ಒಪ್ಪಿದವು. ಮರ್ದಿತನನ್ನು ರಕ್ಷಿಸಲು ಹುಟ್ಟಿತೆಂದು ಹೇಳಲಾಗುವ ರಹಸ್ಯವು ಮರ್ದಿತನ ಅನಾಥ ಮಗುವಿನ ಮುಂದೆಯೇ ಬಾಗಿಲು ಹಾಕಿತು.

ಹಾಗಾದರೆ ಆರ್ಥಿಕ ಖಾಸಗಿತನವೆಂಬುದೇ ಸುಳ್ಳೇ? ಅಲ್ಲ. ಇಸ್ಲಾಮ್ ಅದನ್ನು ಬಹಳ ಹಿಂದೆಯೇ ಗೌರವಿಸಿದೆ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಗೂಢಚರ್ಯೆಯನ್ನು ನಿಷೇಧಿಸಿದೆ. ರಾತ್ರಿ ಗಸ್ತಿನಲ್ಲಿದ್ದ ಹ. ಉಮರ್(ರ) ಒಂದು ಮನೆಯ ಗೋಡೆ ಹತ್ತಿ ಒಳಗಿನವನ ತಪ್ಪನ್ನು ಹಿಡಿದಾಗ, ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದು ಆತ ಎಣಿಸಿ ತೋರಿಸಿದ ಮತ್ತು ಖಲೀಫರು ಅದನ್ನೊಪ್ಪಿ ಹಿಂದಿರುಗಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಫುಖಹಾಗಳು ಸಂಪತ್ತನ್ನು ಎರಡಾಗಿ ವಿಭಜಿಸಿದರು: ಬೆಳೆ, ಜಾನುವಾರುಗಳಂತಹ ಕಣ್ಣಿಗೆ ಕಾಣುವ ಅಮ್ವಾಲೆ ಝಾಹಿರ, ಬೆಳ್ಳಿ ಬಂಗಾರ, ನಗದುಗಳಂತಹ ಮರೆಯಲ್ಲಿರುವ ಅಮ್ವಾಲೆ ಬಾತಿನ. ಮೊದಲನೆಯದರ ಝಕಾತನ್ನು ಸರಕಾರದ ಅಧಿಕಾರಿ ವಸೂಲು ಮಾಡುತ್ತಿದ್ದ. ಎರಡನೆಯದನ್ನು ಹ. ಉಸ್ಮಾನ್(ರ)ರ ಕಾಲದಿಂದ ಮಾಲಕನ ಆತ್ಮಸಾಕ್ಷಿಗೆ ಬಿಡಲಾಯಿತು. ಜನರ ಪೆಟ್ಟಿಗೆಗಳನ್ನು ಅಧಿಕಾರಿಗಳು ತಡಕಾಡಬಾರದೆಂಬುದೇ ಅದರ ಹಿಂದಿನ ಕಾಳಜಿ.

ಆದರೆ ಈ ಖಾಸಗಿತನಕ್ಕೆ ಒಂದು ಶರತ್ತಿತ್ತು. ಅದು ಅಮಾನತ್ ಆಗಿತ್ತು, ಮಾಫಿಯಾಗಿರಲಿಲ್ಲ. ಒಂದು ಊರಿನ ಜನರು ಮರೆಯ ಸಂಪತ್ತಿನ ಝಕಾತನ್ನು ಕೊಡುತ್ತಿಲ್ಲವೆಂದು ಆಡಳಿತಗಾರನಿಗೆ ತಿಳಿದರೆ ಅವನು ಅದನ್ನು ಕೇಳಿ ಪಡೆಯಬಹುದೆಂದು 12ನೇ ಶತಮಾನದ ಹನಫೀ ವಿದ್ವಾಂಸ ಅಲ್ಲಾಮ ಕಾಸಾನಿ ಬರೆದಿದ್ದಾರೆ. ಎಂದರೆ, ನೀನು ಹಕ್ಕುದಾರನಿಗೆ ಹಕ್ಕು ತಲುಪಿಸುತ್ತೀಯೆಂಬ ನಂಬಿಕೆಯ ಮೇಲೆ ನಿನ್ನ ಪೆಟ್ಟಿಗೆಗೆ ಬೀಗವಿದೆ. ನಂಬಿಕೆ ಮುರಿದರೆ ಬೀಗಕ್ಕೆ ಅರ್ಥವಿಲ್ಲ. ಒಬ್ಬ ಸಾಮಾನ್ಯನ ಗೋಡೆಯಿಂದ ಹಿಂದೆ ಸರಿದ ಅದೇ ಹ. ಉಮರ್(ರ), ಗವರ್ನರರನ್ನು ನೇಮಿಸುವಾಗ ಅವರ ಆಸ್ತಿಯನ್ನು ಬರೆಸಿಡುತ್ತಿದ್ದರು; ಬಳಿಕ ಅದು ಅಸಹಜವಾಗಿ ಬೆಳೆದಿದ್ದರೆ ಅರ್ಧ ಭಾಗವನ್ನು ಬೊಕ್ಕಸಕ್ಕೆ ಸೇರಿಸುತ್ತಿದ್ದರು. ದುರ್ಬಲನಿಗೆ ಮರೆ, ಬಲಿಷ್ಠನಿಗೆ ಬೆಳಕು. ಇದು ಖಿಲಾಫತ್ತಿನ ನೀತಿ. ಇಂದಿನ ಜಗತ್ತು ಮಾಡಿರುವುದು ಇದನ್ನು ತಲೆಕೆಳಗಾಗಿಸುವ ಕೆಲಸ.

ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾಗಿದೆ? ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತು, ಸಾಕ್ಷಿಗಳನ್ನು ನಿಲ್ಲಿಸುವುದರ ಕುರಿತು. ಅದೇ ಅಲ್ ಬಕರ ಅಧ್ಯಾಯವು ಗುಪ್ತವಾಗಿ ಮಾಡುವುದು ಉತ್ತಮವೆಂದದ್ದು ಯಾವುದನ್ನು? ಬಡವರಿಗೆ ನೀಡುವ ದಾನವನ್ನು. ವ್ಯವಹಾರ ಬಹಿರಂಗವಾಗಿರಲಿ, ದಾನ ಗುಟ್ಟಾಗಿರಲಿ ಎಂಬುದು ಅದರ ಸಾರ. ನಾವು ದಾನದ ಫೋಟೋವನ್ನು ಪತ್ರಿಕೆಗೆ ಕೊಡುತ್ತೇವೆ, ವ್ಯವಹಾರದ ಲೆಕ್ಕವನ್ನು ದ್ವೀಪಕ್ಕೆ ಕಳುಹಿಸುತ್ತೇವೆ!

ಕಾನೂನಿನೊಳಗೇ ಇದ್ದೇವಲ್ಲ ಎನ್ನುವವರಿಗೂ ಉತ್ತರ ಹಳೆಯದೇ. ಮೂವರಲ್ಲಿ ತಲಾ 40 ಕುರಿಗಳಿದ್ದರೆ ಝಕಾತಾಗಿ ಮೂರು ಕುರಿ ಸಲ್ಲಬೇಕು. ವಸೂಲಿಗಾರ ಬರುವಾಗ ಹಿಂಡುಗಳನ್ನು ಒಂದುಗೂಡಿಸಿ 120 ಎಂದು ತೋರಿಸಿದರೆ ಒಂದೇ ಕುರಿ ಸಾಕು. ಝಕಾತಿನ ಭಯದಿಂದ ಹೀಗೆ ಒಂದುಗೂಡಿಸುವುದನ್ನೂ ಬೇರ್ಪಡಿಸುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದರು. ಇಮಾಮ್ ಬುಖಾರಿ ತಮ್ಮ ಸಹೀಹ್‌ನಲ್ಲಿ ಇಂಥ ಉಪಾಯಗಳಿಗೆಂದೇ ಕಿತಾಬುಲ್ ಹಿಯಲ್ ಎಂಬ ಪ್ರತ್ಯೇಕ ಭಾಗವನ್ನಿಟ್ಟರು. ಇಂದು ಕುರಿಗಳ ಬದಲು ಕಂಪೆನಿಗಳಿವೆ, ಅಷ್ಟೇ. ಭಾರತದಲ್ಲಿ ಗಳಿಸಿದ ಶೇರು ಲಾಭಕ್ಕೆ ಮಾರಿಷಸ್‌ನ ನಿವಾಸ ಪ್ರಮಾಣಪತ್ರವೊಂದನ್ನು ಅಂಟಿಸಿದರೆ ಎರಡೂ ಕಡೆ ತೆರಿಗೆಯಿಲ್ಲವೆಂಬ ಸ್ಥಿತಿ ದಶಕಗಳ ಕಾಲ ಇತ್ತು. 2003ರಲ್ಲಿ ಸುಪ್ರೀಮ್ ಕೋರ್ಟು ಕೂಡ ಆಝಾದಿ ಬಚಾವೋ ಆಂದೋಲನ್ ಪ್ರಕರಣದಲ್ಲಿ ಅದನ್ನು ಮಾನ್ಯ ಮಾಡಿತು. 2016ರಲ್ಲಿ ಒಪ್ಪಂದ ತಿದ್ದುಪಡಿಯಾಗುವವರೆಗೂ ಆ ಬಾಗಿಲು ತೆರೆದೇ ಇತ್ತು. ಕಾನೂನು ಅನುಮತಿಸಿದ್ದೆಲ್ಲವೂ ನ್ಯಾಯವಲ್ಲವೆಂಬುದನ್ನು ಮದ್ರಸಾದ ಎಳೆಯ ವಿದ್ಯಾರ್ಥಿಯೂ ಬಲ್ಲ.

ಇಲ್ಲಿ ನಮ್ಮದೇ ಓದುಗರಲ್ಲಿ ಒಂದು ಅಳುಕು ಹುಟ್ಟಬಹುದು. ಪ್ರಭುತ್ವದ ಕಣ್ಣು ತಮ್ಮ ಮೇಲೇ ಮೊದಲು ಬೀಳುತ್ತದೆಂದು ಅನುಭವದಿಂದ ಬಲ್ಲ ಅಲ್ಪಸಂಖ್ಯಾತರು ಪಾರದರ್ಶಕತೆಯ ಪರ ಮಾತಾಡಬೇಕೇ? ಟ್ರಸ್ಟಿನ ಖಾತೆ, ಮದ್ರಸಾದ ರಶೀದಿ ಪುಸ್ತಕ ಎಲ್ಲವೂ ಶಂಕೆಗೊಳಗಾಗುವ ಕಾಲದಲ್ಲಿ ಗೌಪ್ಯವೇ ರಕ್ಷಣೆಯಲ್ಲವೇ? ಅಳುಕು ಅಕಾರಣವಲ್ಲ. ಆದರೆ ನಮಗೆ ರಕ್ಷಣೆ ಬರುವುದು ಕೇಮನ್‌ನಿಂದಲ್ಲ, ಸಂವಿಧಾನದಿಂದ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಸರ್ವಾನುಮತದಿಂದ ಸಾರಿದರು. ಆ ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರು. ಅದೇ ಖಾಸಗಿತನದ ಹೆಸರಿನಲ್ಲಿ ಚುನಾವಣಾ ಬಾಂಡ್‌ಗಳ ದಾನಿಗಳನ್ನು ಮರೆಯಲ್ಲಿಡಲು ಸರಕಾರ ವಾದಿಸಿದಾಗ, 2024ರ ಫೆಬ್ರವರಿ 15ರಂದು ಅದೇ ಕೋರ್ಟು ಆ ಯೋಜನೆಯನ್ನೇ ರದ್ದುಪಡಿಸಿತು. ವ್ಯಕ್ತಿಯ ದೇಣಿಗೆ ಮತ್ತು ಕಂಪೆನಿಯ ದೇಣಿಗೆ ಒಂದೇ ಅಲ್ಲವೆಂದಿತು. ವ್ಯತ್ಯಾಸ ಸ್ಪಷ್ಟವಾಗಿದೆ. ಮನುಷ್ಯನಿಗೆ ಮನೆಯಿದೆ, ಮಾನವಿದೆ. ಆದ್ದರಿಂದ ಮರೆಯೂ ಬೇಕು. ಕಂಪೆನಿಗೆ ಇರುವುದು ಲಾಭ ಮತ್ತು ಹೊಣೆ ಮಾತ್ರ.

ಇಷ್ಟನ್ನು ಪಾಶ್ಚಾತ್ಯರಿಗೆ ಹೇಳಿ ಮುಗಿಸುವುದು ಸುಲಭ. ನಮ್ಮ ಅಂಗಳವನ್ನೂ ನೋಡಬೇಕು. ತೃತೀಯ ಜಗತ್ತಿನ ಬ್ಯಾಂಕೆಂದು ಮೆರೆದ, ಅಬುಧಾಬಿಯ ಹಣ ಹೊಂದಿದ್ದ ಬಿಸಿಸಿಐ ಲಕ್ಸೆಂಬರ್ಗ್ ಮತ್ತು ಕೇಮನ್‌ನ ಮರೆಯಲ್ಲಿ ಬೆಳೆದು 1991ರ ಜುಲೈಯಲ್ಲಿ ಮುಚ್ಚಲ್ಪಟ್ಟಾಗ, ಬ್ರಿಟನ್ನಿನ ಏಷ್ಯನ್ ಅಂಗಡಿಕಾರರ ಉಳಿತಾಯವೂ ಅದರಲ್ಲಿ ಸಿಕ್ಕಿಕೊಂಡಿತು. 2018ರಲ್ಲಿ ಜೋರ್ಡಾನಿನ ಜನರು ಆದಾಯ ತೆರಿಗೆ ಮಸೂದೆಯ ವಿರುದ್ಧ ಬೀದಿಗಿಳಿದು ಪ್ರಧಾನಿಯ ರಾಜೀನಾಮೆ ಪಡೆದರು. ಅದೇ ದೇಶದ ದೊರೆ ದ್ವೀಪದ ಕಂಪೆನಿಗಳ ಮೂಲಕ ಬ್ರಿಟನ್ ಮತ್ತು ಅಮೇರಿಕಗಳಲ್ಲಿ 10 ಕೋಟಿ ಡಾಲರಿಗೂ ಮಿಕ್ಕಿದ ಮನೆಗಳನ್ನು ಕೊಂಡಿದ್ದರೆಂದು 2021ರ ಪಂಡೋರಾ ದಾಖಲೆಗಳು ತಿಳಿಸಿದವು. ಅದು ಸ್ವಂತ ಹಣ, ಭದ್ರತೆ ಮತ್ತು ಖಾಸಗಿತನಕ್ಕಾಗಿ ಹಾಗೆ ಮಾಡಲಾಯಿತೆಂಬುದು ಅರಮನೆಯ ಸಮಜಾಯಿಷಿ. ಬೆಂಗಳೂರಿನಲ್ಲಿ ಹಲಾಲ್ ಲಾಭದ ಹೆಸರಿನಲ್ಲಿ ಠೇವಣಿ ಪಡೆದ ಐಎಂಎ 2019ರ ಜೂನ್‌ನಲ್ಲಿ ಕುಸಿದಾಗ ಅದರ ಮುಖ್ಯಸ್ಥ ಇದ್ದದ್ದು ದುಬೈಯಲ್ಲಿ. ಸಾವಿರಾರು ಹೆಂಗಸರ ಒಡವೆಯ ಹಣ ಎಲ್ಲಿದೆಯೆಂದು ಕೇಳುವ ಧೈರ್ಯ ಅದಕ್ಕೆ ಮೊದಲು ನಮ್ಮ ಎಷ್ಟು ಮಂದಿ ನಾಯಕರಿಗಿತ್ತು? ಗಡ್ಡ ನೋಡಿ ನಂಬಿದೆವು, ಲೆಕ್ಕ ಕೇಳಲಿಲ್ಲ.

ಝಕಾತ್ ಕೊಟ್ಟಿದ್ದೇವೆ, ಇನ್ನು ಸರಕಾರಕ್ಕೆ ತೆರಿಗೆ ಕೊಡುವ ಧಾರ್ಮಿಕ ಬಾಧ್ಯತೆಯಿಲ್ಲ ಎಂಬ ಮಾತು ನಮ್ಮ ವ್ಯಾಪಾರಿಗಳ ಜಗಲಿಯಲ್ಲಿ ಕೇಳಿಬರುತ್ತದೆ. ಅಲ್ ಬಕರದ 177ನೇ ಸೂಕ್ತವು ಬಂಧುಗಳಿಗೂ ಅನಾಥರಿಗೂ ಕೊಡುವುದನ್ನು ಒಮ್ಮೆ, ಝಕಾತನ್ನು ಇನ್ನೊಮ್ಮೆ ಪ್ರತ್ಯೇಕವಾಗಿ ಪ್ರಸ್ತಾಪಿಸಿದೆ. ಸಂಪತ್ತಿನಲ್ಲಿ ಝಕಾತ್‌ಗೂ ಮಿಗಿಲಾದ ಹಕ್ಕಿದೆಯೆಂದು ವಿದ್ವಾಂಸರು ಅದರಿಂದಲೇ ನಿರ್ಣಯಿಸಿದರು. ಅದೇ ಸೂಕ್ತ ಕರಾರು ಪಾಲಿಸುವವರನ್ನೂ ಹೊಗಳಿದೆ. ಪೌರತ್ವವೂ ಒಂದು ಕರಾರು. ಸರಕಾರಿ ರಸ್ತೆಯಲ್ಲಿ ನಡೆದು, ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟಿ, ಮೀಸಲಾತಿಯನ್ನೂ ವಿದ್ಯಾರ್ಥಿವೇತನವನ್ನೂ ಕೇಳುವ ಸಮುದಾಯ ಅದರ ಖರ್ಚನ್ನು ಯಾರು ಭರಿಸಬೇಕೆಂದು ಬಯಸುತ್ತದೆ?

ಜಗತ್ತು ಸ್ವಲ್ಪ ಬದಲಾಗಿದೆಯೆಂಬುದನ್ನು ಒಪ್ಪಬೇಕು. ನೂರಕ್ಕೂ ಹೆಚ್ಚು ದೇಶಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತಾವಾಗಿಯೇ ವಿನಿಮಯ ಮಾಡಿಕೊಳ್ಳುತ್ತಿವೆ. 2019ರಿಂದ ಸ್ವಿಟ್ಝರ್ಲೆಂಡ್ ಭಾರತಕ್ಕೂ ಕೊಡುತ್ತಿದೆ. 2021ರ ಅಕ್ಟೋಬರ್‌ನಲ್ಲಿ 136 ದೇಶಗಳು ದೊಡ್ಡ ಕಂಪೆನಿಗಳಿಗೆ ಕನಿಷ್ಠ ಶೇ. 15 ತೆರಿಗೆಗೆ ಒಪ್ಪಿದವು. ಯುಎಇ ಕೂಡ 2023ರಲ್ಲಿ ಶೇ. 9ರ ಕಂಪೆನಿ ತೆರಿಗೆ ತಂದಿತು. ಆದರೆ ಅಮೇರಿಕ? ಅದು ಇತರರಿಂದ ಮಾಹಿತಿ ಕೇಳುತ್ತದೆ, ಸಾಮೂಹಿಕ ವಿನಿಮಯ ವ್ಯವಸ್ಥೆಗೆ ತಾನು ಸೇರಿಲ್ಲ. ಟ್ಯಾಕ್ಸ್ ಜಸ್ಟಿಸ್ ನೆಟ್‌ವರ್ಕ್ 2022ರಲ್ಲಿ ಪ್ರಕಟಿಸಿದ ಆರ್ಥಿಕ ರಹಸ್ಯದ ಸೂಚ್ಯಂಕದಲ್ಲಿ ಮೊದಲ ಸ್ಥಾನ ಪನಾಮಾಕ್ಕಲ್ಲ, ಕೇಮನ್‌ಗಲ್ಲ, ಅಮೇರಿಕಕ್ಕೇ. ಕಂಪೆನಿಗಳ ನಿಜವಾದ ಒಡೆಯರ ಹೆಸರು ತಿಳಿಸಬೇಕೆಂಬ ತನ್ನದೇ ಕಾನೂನಿನಿಂದ 2025ರ ಮಾರ್ಚ್‌ನಲ್ಲಿ ಅದು ದೇಶೀಯ ಕಂಪೆನಿಗಳಿಗೆ ವಿನಾಯಿತಿ ಕೊಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ಕನಿಷ್ಠ ತೆರಿಗೆಯ ಮುಖ್ಯ ನಿಯಮಗಳಿಂದ ಅಮೇರಿಕದ ಕಂಪೆನಿಗಳನ್ನು ಹೊರಗಿಡಲು ಜಿ-7 ರಾಷ್ಟ್ರಗಳೂ ತಲೆಯಾಡಿಸಿದವು. 2001ರ ಮೇ ತಿಂಗಳು ಮುಗಿದೇ ಇಲ್ಲ!

ಆಫ್ರಿಕದ ರಾಷ್ಟ್ರಗಳು ಬೇರೊಂದು ದಾರಿ ಹಿಡಿದಿವೆ. ತೆರಿಗೆಯ ನಿಯಮಗಳನ್ನು ಶ್ರೀಮಂತರ ಕೂಟದಲ್ಲಲ್ಲ, ವಿಶ್ವಸಂಸ್ಥೆಯಲ್ಲಿ ರೂಪಿಸಬೇಕೆಂಬ ಅವುಗಳ ನಿರ್ಣಯ 2023ರ ನವೆಂಬರ್‌ನಲ್ಲಿ 48ರ ವಿರುದ್ಧ 125 ಮತಗಳಿಂದ ಅಂಗೀಕಾರವಾಯಿತು. 2025ರ ಫೆಬ್ರವರಿಯಲ್ಲಿ ಆ ಮಾತುಕತೆಯಿಂದ ಅಮೇರಿಕ ಎದ್ದು ಹೊರನಡೆಯಿತು. ನಡೆಯಲಿ. ಸಂಪತ್ತು ಸಿರಿವಂತರ ನಡುವೆಯೇ ಸುತ್ತುತ್ತಿರಬಾರದೆಂದು ಅಲ್ ಹಶ್ರ್ ಅಧ್ಯಾಯದಲ್ಲಿ ಓದುವ ಮುಸ್ಲಿಮ್ ರಾಷ್ಟ್ರಗಳು ಆ ಮೇಜಿನಲ್ಲಿ ಕುಳಿತು ಗಟ್ಟಿಯಾಗಿ ಮಾತಾಡಬೇಕು. ಅದಕ್ಕೂ ಮೊದಲು ತಮ್ಮ ದೊರೆಗಳ ಲೆಕ್ಕ ಪುಸ್ತಕವನ್ನು ಆ ಮೇಜಿನ ಮೇಲಿಡಬೇಕು. ನಮ್ಮ ಊರಿನ ಜಮಾಅತ್‌ಗಳೂ ಟ್ರಸ್ಟುಗಳೂ ವರ್ಷಕ್ಕೊಮ್ಮೆ ತಮ್ಮ ಲೆಕ್ಕವನ್ನು ಮಸೀದಿಯ ಬಾಗಿಲಲ್ಲಿ ಅಂಟಿಸಬೇಕು. ಅಂಟಿಸಲು ಹಿಂಜರಿಯುವವರಿಗೆ ಕೇಮನ್ ದ್ವೀಪವನ್ನು ಬೈಯುವ ಅರ್ಹತೆ ಎಲ್ಲಿಂದ ಬಂತು?